ಸಿಸ್ಟರ್ ಮನೆಯಲ್ಲಿ ಹಗಲು ಪಾಳಿ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಆರಂಭವಾಗಿ ಅದೇ ದಿನ ಸಂಜೆ ಐದೂವರೆಯ ಹೊತ್ತಿಗೆ ಮುಗಿದ ಈ ಪ್ರಸಂಗವನ್ನು ಗಂಟೆಗಳ ಕ್ರಮ ತಪ್ಪದಂತೆ ಹೇಳಬೇಕಾಗುತ್ತದೆ. ಏಕೆಂದರೆ ಹನ್ನೆರಡು ಗಂಟೆಗೆ ನಡೆದದ್ದು ಹತ್ತಕ್ಕೆ ನಡೆದಿದ್ದರೆ, ಅಥವಾ ಐದೂಕಾಲಿಗೆ ನಡೆದದ್ದು ನಡೆಯದೇ ಹೋಗಿದ್ದರೆ, ಫಲಿತಾಂಶ ಬೇರೆಯೇ ಆಗುತ್ತಿತ್ತು.

ಅಂಗಡಿಗಳ ತೂಕದ ಬಟ್ಟುಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಆ ಯುವಕನನ್ನು ಸಹೋದ್ಯೋಗಿಗಳು ‘ಮಿಲಿಗ್ರಾಂ’ ಎಂದು ಕರೆಯುತ್ತಿದ್ದರು. ಆತ ಅದನ್ನು ಬಿರುದೆಂದೇ ಸ್ವೀಕರಿಸಿದ್ದ. ಮದುವೆಯಾಗಿ ಅಂದಿಗೆ ನಲವತ್ತೊಂದು ದಿನ. ಹೆಂಡತಿ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಇಬ್ಬರೂ ಆತನ ದೊಡ್ಡಮ್ಮನ ಮನೆಯ ಹಾಲ್‌ನಲ್ಲಿ, ಒಂದು ಹೂವಿನ ಪರದೆಯ ಹಿಂದೆ ಸಂಸಾರ ಹೂಡಿದ್ದರು. ಪರದೆಯ ಈಚೆ ಪಿಸುಗುಟ್ಟಿದರೆ ಆಚೆಯಿಂದ ತೀರ್ಪು ಬರುತ್ತಿತ್ತು. ಮದುವೆಯಾದ ಒಂಬತ್ತನೆಯ ದಿನ, ಫ್ಯಾನು ಎಷ್ಟರಲ್ಲಿ ತಿರುಗಬೇಕೆಂಬ ವಿಷಯವಾಗಿ ಚೊಚ್ಚಲ ಜಗಳ ಇನ್ನೇನು ಕುದುರಬೇಕು ಎನ್ನುವಷ್ಟರಲ್ಲಿ, “ತಪ್ಪು ನಿಂದೇ ಕಣೋ. ಎರಡರಲ್ಲಿ ಇಟ್ಟು ಮಲಗು,” ಎಂದು ದೊಡ್ಡಮ್ಮ ಇತ್ಯರ್ಥ ಮಾಡಿಬಿಟ್ಟಿದ್ದರು. ಅಂದಿನಿಂದ ಒಂದು ಜಗಳವನ್ನಾದರೂ ಅವರಿಗೆ ಸ್ವಂತವಾಗಿ ಆಡಿ ಮುಗಿಸಲು ಸಾಧ್ಯವಾಗಿರಲಿಲ್ಲ. ಬಾಗಿಲಿರುವ ಒಂದು ಕೋಣೆ ಅವರಿಗೆ ಅನ್ನ ನೀರಿನಷ್ಟೇ ಅಗತ್ಯವಾಗಿತ್ತು.

ಆ ಬಾಗಿಲು ಸಿಸ್ಟರ್ ಮನೆಯಲ್ಲಿತ್ತು. ಮೂವತ್ನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದು ಹೆಡ್ ನರ್ಸ್ ಆಗಿ ನಿವೃತ್ತರಾಗಿದ್ದ ಆಕೆಯನ್ನು ಇಡೀ ಬೀದಿ ‘ಸಿಸ್ಟರ್’ ಎಂದೇ ಕರೆಯುತ್ತಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ನಡುಮನೆಯ ಚಾವಣಿಯಲ್ಲಿ ಒಂದು ಗಾಜಿನ ಹಲಗೆ. ಆ ಗಾಜಿನಿಂದ ಇಳಿದ ಬಿಸಿಲು ನೆಲದ ಮೇಲೆ ಅಚ್ಚುಕಟ್ಟಾದ ಚೌಕವಾಗಿ ಬಿದ್ದಿತ್ತು. ಮೊದಲ ಸಲ ಮನೆ ನೋಡಲು ಬಂದ ದಿನ ಗಂಡ ಹೆಂಡತಿ ಆ ಚೌಕದ ಅಂಚಿನಲ್ಲಿ ಚಪ್ಪಲಿ ಕಳಚಿದ ಕಾಲಲ್ಲಿ ನಿಂತು, ಯಾರೋ ದೊಡ್ಡವರ ಎದುರು ನಿಂತವರಂತೆ ಕೈಕಟ್ಟಿಕೊಂಡಿದ್ದರು.

ಆದರೆ ಸಿಸ್ಟರ್ ಮನೆಯನ್ನು ಹಾಗೆ ಸುಮ್ಮನೆ ಮಾರುವವರಲ್ಲ. ಕೊಳ್ಳಬಯಸುವವರು ಒಂದು ಹಗಲು ಪಾಳಿ ಮನೆಯನ್ನು ನೋಡಿಕೊಳ್ಳಬೇಕು. ಸಂಜೆ ಬಂದು ಪರೀಕ್ಷಿಸಿದ ಮೇಲೆ ಮುಂದಿನ ಮಾತು. ಈಗಾಗಲೇ ಮೂರು ಜೋಡಿಗಳು ಅನುತ್ತೀರ್ಣವಾಗಿದ್ದವು. ಒಬ್ಬಾತ ಬಾಗಿಲನ್ನು ಕಾಲಿನಿಂದ ತಳ್ಳಿದ್ದ. ಇನ್ನೊಬ್ಬಾಕೆ ಕಿಟಕಿಯ ಮೇಲೆ ಒದ್ದೆ ಬಟ್ಟೆ ಹರವಿದ್ದಳು. ಮೂರನೆಯವರು ಮಧ್ಯಾಹ್ನ ಮನೆಗೆ ಬೀಗ ಹಾಕಿ ಸಿನಿಮಾಕ್ಕೆ ಹೋಗಿದ್ದರು.

ಎಂಟು ಗಂಟೆಗೆ ಸರಿಯಾಗಿ ಹಸ್ತಾಂತರ ನಡೆಯಿತು. ಸಿಸ್ಟರ್ ರಟ್ಟಿಗೆ ಸಿಕ್ಕಿಸಿದ ಒಂದು ಚಾರ್ಟನ್ನು ಕೈಗಿತ್ತು, ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ನಡೆಯುವಂತೆ ಕೋಣೆಯಿಂದ ಕೋಣೆಗೆ ನಡೆದರು. ಅಡುಗೆಮನೆಯ ನಲ್ಲಿ: ನಿಮಿಷಕ್ಕೆ ಹನ್ನೆರಡು ಹನಿ. ಮಲಗುವ ಕೋಣೆಯ ಬಾಗಿಲು: ತೆರೆದಾಗಲೂ ಮುಚ್ಚಿದಾಗಲೂ ನರಳುತ್ತದೆ. ಉಳಿದಂತೆ ಉಸಿರಾಟ ಸರಾಗ. ಹಾಗೆಂದರೆ ಕಿಟಕಿಗಳು ಚೆನ್ನಾಗಿವೆ ಎಂದರ್ಥ.

“ಪೇಶೆಂಟನ್ನ ನಿಮ್ಮ ಕೈಗೆ ಒಪ್ಪಿಸ್ತಾ ಇದೀನಿ. ಐದೂವರೆಗೆ ಬರ್ತೀನಿ,” ಎಂದು ಹೇಳಿ ಆಕೆ ತಂಗಿಯ ಮನೆಗೆ ಹೊರಟರು.

ಒಂಬತ್ತೂವರೆಯವರೆಗೆ ಎಲ್ಲವೂ ಚಾರ್ಟಿನ ಪ್ರಕಾರವೇ ನಡೆಯಿತು. ಪೂರ್ವದ ಕಿಟಕಿ ತೆರೆದದ್ದಾಯಿತು, ಕಪಾಟಿನ ಧೂಳು ಒರೆಸಿದ್ದಾಯಿತು. ಮಿಲಿಗ್ರಾಂ ಬಿಸಿಲ ಚೌಕದ ಪಕ್ಕದಲ್ಲಿ ದಾರವೊಂದನ್ನು ಹಾಸಿ, ಚೌಕ ಹತ್ತು ನಿಮಿಷಕ್ಕೆ ಹದಿನೈದು ಸೆಂಟಿಮೀಟರ್ ಸರಿಯುತ್ತದೆಂದು ಕಂಡುಹಿಡಿದ. ಭೂಮಿ ತಿರುಗುತ್ತದೆಂದು ಆತ ಶಾಲೆಯಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ಆದರೆ ಅದು ತಿರುಗುತ್ತಿರುವುದನ್ನು ಒಂದು ಮನೆಯ ನೆಲದ ಮೇಲೆ ಕುಳಿತು ಕಣ್ಣಾರೆ ನೋಡಬಹುದೆಂದು ಯಾರೂ ಹೇಳಿರಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದ. ಅವಳು ಚೌಕದೊಳಗೆ ಅಂಗೈ ಇಟ್ಟು, ಬಿಸಿಲು ಬೆರಳ ತುದಿಯಿಂದ ಜಾರಿ ಹೋಗುವವರೆಗೆ ಹಾಗೆಯೇ ಕುಳಿತಳು.

ಕಷ್ಟ ಶುರುವಾದದ್ದು ಆ ಮೌನದಿಂದಲೇ. ಅಡುಗೆಮನೆಯ ಹನಿಯ ಸದ್ದು ಸ್ಪಷ್ಟವಾಗಿ ಕೇಳತೊಡಗಿತು. ಗಡಿಯಾರ ಹಿಡಿದು ಎಣಿಸಿದ: ಹನ್ನೆರಡು. ಮತ್ತೆ ಎಣಿಸಿದ: ಹನ್ನೆರಡು. ದೋಷವೊಂದು ಇಷ್ಟು ನಿಖರವಾಗಿ ದಾಖಲಾಗಿದ್ದೂ ದುರಸ್ತಿಯಾಗದೆ ಉಳಿದಿರುವುದು ಆತನ ವೃತ್ತಿಧರ್ಮಕ್ಕೆ ಒಗ್ಗದ ಸಂಗತಿ.

“ರೀ, ಸುಮ್ನಿರಿ. ಅದರ ತಂಟೆಗೆ ಹೋಗ್ಬೇಡಿ,” ಎಂದಳು ಹೆಂಡತಿ.

“ಬರೀ ವಾಷರ್ ಕಣೇ. ನಾಲ್ಕು ನಿಮಿಷದ ಕೆಲಸ. ಸಿಸ್ಟರ್‌ಗೂ ಖುಷಿಯಾಗುತ್ತೆ.”

ನಾಲ್ಕನೆಯ ನಿಮಿಷಕ್ಕೆ ನಲ್ಲಿಯ ತಲೆ ಆತನ ಕೈಗೆ ಬಂತು. ನೀರು ಚಾವಣಿ ಮುಟ್ಟಿತು. ಹೆಂಡತಿ ಪಾತ್ರೆ ಕವುಚಿ ಹಿಡಿದಳು. ನೀರು ಪಾತ್ರೆಯನ್ನು ಬಳಸಿಕೊಂಡು ನಾಲ್ಕೂ ದಿಕ್ಕಿಗೆ ಹಾರಿತು. ಮಿಲಿಗ್ರಾಂ ಹೆಬ್ಬೆರಳಿನಿಂದ ಕೊಳವೆಯ ಬಾಯಿ ಒತ್ತಿ, ಕಟ್ಟೆ ಒಡೆದ ಕೆರೆಗೆ ಬಾಗಿಲಾಗಿ ನಿಂತವನಂತೆ ನಿಂತ.

ಬಲಗಡೆಯ ಮನೆಯಲ್ಲಿದ್ದವರು ಅಗ್ನಿಶಾಮಕ ದಳದ ನಿವೃತ್ತ ಅಧಿಕಾರಿ. ಬೀದಿಯವರ ಬಾಯಲ್ಲಿ ‘ಫೈರಣ್ಣ’. ನಿವೃತ್ತಿಯಾದ ಆರು ವರ್ಷಗಳಿಂದ ಯಾವುದಾದರೂ ಅನಾಹುತ ಆದೀತೇ ಎಂದು ಕಿಟಕಿಯ ಬಳಿಯೇ ಕುಳಿತಿದ್ದವರು. ದಂಪತಿಗಳ ಕೂಗು ಕೇಳಿದ ತೊಂಬತ್ತು ಸೆಕೆಂಡುಗಳಲ್ಲಿ ಶಿರಸ್ತ್ರಾಣ, ಸ್ಪ್ಯಾನರ್ ಸಮೇತ ಹಾಜರಾದರು. ನೀರು ನಿಲ್ಲಿಸುವ ಒಳಗಿನ ಕವಾಟ ಹುಡುಕುವ ಗೋಜಿಗೇ ಹೋಗದೆ ಬೀದಿಯ ಮೂಲೆಗೆ ಓಡಿ ದೊಡ್ಡ ಕವಾಟವನ್ನೇ ತಿರುಗಿಸಿಬಿಟ್ಟರು. ಸಿಸ್ಟರ್ ಮನೆಯ ಚಿಲುಮೆ ನಿಂತಿತು. ಜೊತೆಗೆ ಇಡೀ ಬೀದಿಯ ಇಪ್ಪತ್ತೆರಡು ಮನೆಗಳ ನೀರೂ ನಿಂತಿತು.

ಅರ್ಧ ಸ್ನಾನದಲ್ಲಿದ್ದವರು, ಅರ್ಧ ಪಾತ್ರೆ ತೊಳೆದವರು ಬಾಗಿಲಿಗೆ ಬಂದು ಇಣುಕಿದರು. ಎಡಗಡೆಯ ಮನೆಯ ಟೇಲರಕ್ಕ ಮಾತ್ರ ಒಳಗೇ ಬಂದರು. ಕೊರಳಲ್ಲಿ ಅಳತೆಯ ಟೇಪು. ಸವೆದ ವಾಷರನ್ನು ಫೈರಣ್ಣ ಆಗಲೇ ಚರಂಡಿಗೆ ಎಸೆದಾಗಿತ್ತು. ಟೇಲರಕ್ಕ ನಲ್ಲಿಯ ತಲೆಯನ್ನು ಒಮ್ಮೆ ನೋಡಿ, ಹಳೆಯ ರಬ್ಬರ್ ಚಪ್ಪಲಿಯೊಂದನ್ನು ತರಿಸಿ, ಗುರುತು ಹಾಕದೆಯೇ ಕತ್ತರಿ ಆಡಿಸಿದರು. ಕೆಳಗೆ ಬಿದ್ದ ಬಿಲ್ಲೆಯನ್ನು ಮಿಲಿಗ್ರಾಂ ಜೇಬಿನ ಅಳತೆಗೋಲಿನಿಂದ ಅಳೆದ. ಬೇಕಾದದ್ದು ಹದಿನೆಂಟು ಮಿಲಿಮೀಟರ್. ಇದ್ದದ್ದು ಹದಿನೆಂಟು ಮಿಲಿಮೀಟರ್. ಅಡ್ಡಕ್ಕೆ ಅಳೆದ, ಓರೆಗೆ ಅಳೆದ. ಪ್ರಯೋಗಾಲಯದಲ್ಲಿ ಆರು ಉಪಕರಣಗಳು ಸೇರಿ ಮಾಡುವ ಕೆಲಸ ಅದು.

“ಅಕ್ಕಾ, ಇದು ಹೇಗೆ ಬಂತು?” ಎಂದು ಕೇಳಿದ.

“ಮೂವತ್ತು ವರ್ಷ ಕುತ್ತಿಗೆ ಕತ್ತರಿಸಿದೀನಪ್ಪಾ,” ಎಂದು ಟೇಲರಕ್ಕ ಹೇಳಿದರು. ಆತ ಬಿಳಿಚಿಕೊಂಡದ್ದನ್ನು ಕಂಡು, “ರವಿಕೆದು,” ಎಂದು ಸೇರಿಸಿದರು.

ನಲ್ಲಿ ಮೌನವಾಯಿತು. ಬಂದ ಕೈಯಲ್ಲೇ ಟೇಲರಕ್ಕ ಹೊಲಿಗೆ ಯಂತ್ರದ ಎಣ್ಣೆಯನ್ನು, ಯಾರನ್ನೂ ಕೇಳದೆ, ಮಲಗುವ ಕೋಣೆಯ ಬಾಗಿಲ ತಿರುಗಣಿಗಳಿಗೂ ಬಿಟ್ಟರು. ಬಾಗಿಲು ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡಿತು. ಫೈರಣ್ಣ ಬೀದಿಗೆ ನೀರು ಬಿಟ್ಟು, ಇಪ್ಪತ್ತೆರಡು ಮನೆಗಳಿಗೂ ತಮ್ಮ ಸಾಹಸವನ್ನು ವರದಿ ಮಾಡಲು ಹೊರಟುಹೋದರು. ನೆಲ ಒರೆಸಿ ಮುಗಿಸುವ ಹೊತ್ತಿಗೆ ಹನ್ನೆರಡು ಗಂಟೆ.

ಆಗ ಹೆಂಡತಿ ಚಾರ್ಟಿನ ಹಿಂಬದಿ ತಿರುಗಿಸಿದಳು. ಯಾವ ಹಾಳೆಯ ಎರಡು ಬದಿಯನ್ನೂ ಓದದೆ ಬಿಡುವುದು ಅವಳ ವೃತ್ತಿಯಲ್ಲಿ ಅಪರಾಧ. ಬೆಳಗಿನ ಬಿಸಿಲಿನ ಗುಂಗಿನಲ್ಲಿ ಅದೊಂದು ತಪ್ಪಿಹೋಗಿತ್ತು. ಅಲ್ಲಿ ಒಂದೇ ಸಾಲಿತ್ತು: ‘ಡ್ಯೂಟಿ ಸಿಸ್ಟರ್ ಅನುಮತಿಯಿಲ್ಲದೆ ಪೇಶೆಂಟ್‌ನ ಸ್ಥಿತಿಯಲ್ಲಿ ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ. ಮಾಡಿದವರಿಗೆ ಮನೆ ಇಲ್ಲ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೂವಿನ ಪರದೆ ಇಬ್ಬರ ಕಣ್ಣ ಮುಂದೆಯೂ ಹಾದುಹೋಯಿತು.

“ಹಾಗಾದ್ರೆ ಮತ್ತೆ ಕೆಡಿಸೋಣ,” ಎಂದ ಮಿಲಿಗ್ರಾಂ.

ಸರಿಯಿದ್ದುದನ್ನು ಕೆಡಿಸುವುದು ಸುಲಭವೆಂದು ಲೋಕದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಕೆಡಿಸಬಹುದು, ಮೊದಲು ಕೆಟ್ಟಿದ್ದಂತೆಯೇ ಕೆಡಿಸಲಾಗದು. ನಲ್ಲಿಯನ್ನು ಕಾಲು ಸುತ್ತು ಸಡಿಲಿಸಿದರೆ ಧಾರೆ. ಸುತ್ತಿನ ಎಂಟನೆಯ ಒಂದು ಭಾಗಕ್ಕೆ ನಿಮಿಷಕ್ಕೆ ಮೂವತ್ತೊಂದು ಹನಿ. ಇನ್ನೂ ಕೂದಲೆಳೆಯಷ್ಟು ಬಿಗಿದರೆ ಸೊನ್ನೆ. ಟೇಲರಕ್ಕನ ವಾಷರ್ ಅಷ್ಟು ನಿರ್ದೋಷವಾಗಿತ್ತು. ಬಾಗಿಲಿನ ಕತೆ ಇನ್ನೂ ಹೀನಾಯ. ಸೋಪಿನ ನೀರಿನಿಂದ ಎಣ್ಣೆ ತೊಳೆದು, ತಿರುಗಣಿಗೆ ಸೀಮೆಸುಣ್ಣದ ಪುಡಿ ಹಾಕಿದರೆ ಬಾಗಿಲು ಕೆಮ್ಮಿತು. ಮರಳು ಹಾಕಿದರೆ ಅರಚಿತು. ಹನ್ನೊಂದು ವರ್ಷದಿಂದ ಆ ಬಾಗಿಲನ್ನು ಗೋಡೆಯಾಚೆಯಿಂದ ಕೇಳುತ್ತಾ ಬಂದಿದ್ದ ಟೇಲರಕ್ಕ ತೀರ್ಪುಗಾರರಾಗಿ ಸ್ಟೂಲಿನ ಮೇಲೆ ಕುಳಿತರು.

“ಊಹೂಂ, ಇದು ಮೇಕೆ,” ಎಂದರು ಒಮ್ಮೆ. ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ, “ನರಳಿಕೆ ಹತ್ತಿರ ಬಂತು. ಆದ್ರೆ ಸಿಸ್ಟರ್ ಬಾಗಿಲು ಕೊನೇಲಿ ಒಂಚೂರು ನಿಟ್ಟುಸಿರು ಬಿಡುತ್ತೆ ಕಣಮ್ಮ. ಆ ನಿಟ್ಟುಸಿರು ಬಂದಿಲ್ಲ,” ಎಂದರು.

ಹೆಂಡತಿ ಬಾಗಿಲನ್ನು ಅಂಗುಲದಷ್ಟು ಎತ್ತಿ ಹಿಡಿದಳು. ಮಿಲಿಗ್ರಾಂ ತಿರುಗಣಿಯ ಅಡಿಗೆ ಮಡಿಸಿದ ಕಾಗದ ತೂರಿಸಿದ. ಬಾಗಿಲು ನರಳಿ, ಕೊನೆಯಲ್ಲಿ ನಿಟ್ಟುಸಿರಿಟ್ಟಿತು. ಟೇಲರಕ್ಕನ ಕಣ್ಣು ಒದ್ದೆಯಾಯಿತು. ಮನೆಯೊಳಗಿನ ಕವಾಟ ಮುಚ್ಚಿ, ನಲ್ಲಿಯ ವಾಷರಿಗೆ ಅಡ್ಡಲಾಗಿ ಆಕೆಯ ನೂಲಿನ ಒಂದೇ ಒಂದು ಎಳೆಯನ್ನು ತುದಿ ಹೊರಗುಳಿಯುವಂತೆ ಕೂರಿಸಿ, ನೀರು ಬಿಟ್ಟು, ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಮಿಲಿಗ್ರಾಂ ಎಣಿಸಿದ: ಹನ್ನೆರಡು. ಮೂರು ಸಲ ಎಣಿಸಿದ. ಮೂರು ಸಲವೂ ಹನ್ನೆರಡು.

ಮೂವರೂ ಅಡುಗೆಮನೆಯಲ್ಲಿ ನಿಂತು ಆ ಹನಿಗಳನ್ನು ನೋಡಿದರು. ಒಂದೊಂದೂ ತುಂಬಿಕೊಂಡು, ಕಿಟಕಿಯ ಬೆಳಕನ್ನೆಲ್ಲ ತನ್ನೊಳಗೆ ತಲೆಕೆಳಗಾಗಿ ಹಿಡಿದು, ಕ್ಷಣಕಾಲ ಯೋಚಿಸಿ, ಬೀಳುತ್ತಿತ್ತು. ಆತನ ಜೀವಮಾನದ ಅತ್ಯಂತ ನಿಖರವಾದ ಪ್ರಯೋಗ ಅದಾಗಿತ್ತು. ಹೆಂಡತಿ ಅವನ ಕಡೆ ತಿರುಗಿ ನೋಡಿದ ನೋಟ, ಮದುವೆಯ ದಿನವೂ ಆತನಿಗೆ ದೊರೆತಿರಲಿಲ್ಲ.

ಟೇಲರಕ್ಕ ಮನೆಗೆ ಹೋದರು. ದಂಪತಿಗಳು ಹಿತ್ತಲಲ್ಲಿ ಒದ್ದೆ ಬಟ್ಟೆಗಳನ್ನು ಹಿಂಡಲು ಹೋದರು. ಐದೂಕಾಲಿಗೆ, ಬಿಟ್ಟುಹೋಗಿದ್ದ ತಮ್ಮ ಸ್ಪ್ಯಾನರನ್ನು ಹುಡುಕಿಕೊಂಡು ಫೈರಣ್ಣ ಅಡುಗೆಮನೆಗೆ ಬಂದರು. ಮಧ್ಯಾಹ್ನದ ಪ್ರಯತ್ನಗಳ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ತಾವು ಇದ್ದು ಮಾಡಿಸಿದ ಕೆಲಸ ಮತ್ತೆ ಸೋರುತ್ತಿರುವುದನ್ನು ಕಂಡು ಅವರ ಸೇವಾಭಿಮಾನಕ್ಕೆ ಪೆಟ್ಟಾಯಿತು. ನೂಲಿನ ಎಳೆಯನ್ನು ಕಸವೆಂದು ಕಿತ್ತೆಸೆದು, ಇಪ್ಪತ್ತೊಂಬತ್ತು ವರ್ಷಗಳ ಸರ್ವಿಸಿನ ಬಲವನ್ನೆಲ್ಲ ತೋಳಿಗೆ ತಂದು, ಸ್ಪ್ಯಾನರಿನಿಂದ ನಲ್ಲಿಯ ತಲೆಯನ್ನು ಬಿಗಿದರು. ಹೊರಡುವಾಗ ಕೋಣೆಯ ಬಾಗಿಲು ತಾಗಿ ನರಳಿತು. ಅಲ್ಲೇ ಸ್ಟೂಲಿನ ಮೇಲೆ ಎಣ್ಣೆಯ ಶೀಸೆಯಿತ್ತು. ಅಡಿಗಿದ್ದ ಕಾಗದವನ್ನು ಎಳೆದು ಬಿಸಾಡಿ, ಶೀಸೆಯನ್ನು ಪೂರ್ತಿ ಬಗ್ಗಿಸಿದರು.

“ಎಲ್ಲಾ ಸರಿ ಮಾಡಿದೀನಿ ತಮ್ಮಾ, ಇನ್ನು ನಿಮಗೆ ಯೋಚ್ನೆ ಬೇಡ,” ಎಂದು ಅವರು ಗೇಟಿನಿಂದ ಕೂಗಿ ಹೇಳಿದಾಗ ದಂಪತಿಗಳು ಒಳಗೋಡಿ ಬಂದರು. ಅದೇ ಗೇಟಿನಲ್ಲಿ ಸಿಸ್ಟರ್ ನಿಂತಿದ್ದರು. ಸಮಯ ಐದೂವರೆ.

ಸಿಸ್ಟರ್ ಕಪಾಟಿನ ಮೇಲೆ ಬೆರಳಾಡಿಸಿ ನೋಡಿದರು. ಕಿಟಕಿಗಳನ್ನು ನೋಡಿದರು. ಆಮೇಲೆ ನಲ್ಲಿಯ ಮುಂದೆ ನಿಂತು, ನಾಡಿ ಹಿಡಿದವರಂತೆ ತಲೆ ಬಾಗಿಸಿ, ಒಂದು ನಿಮಿಷ ಪೂರ್ತಿ ಗಡಿಯಾರ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಕೋಣೆಯ ಬಾಗಿಲನ್ನು ತೆರೆದರು, ಮುಚ್ಚಿದರು, ತೆರೆದರು. ಬಾಗಿಲು ತುಟಿ ಬಿಚ್ಚಲಿಲ್ಲ. ಆಕೆ ಹೋಗಿ ಕುರ್ಚಿಯ ಮೇಲೆ ಕುಳಿತರು.

“ತಪ್ಪು ನಮ್ಮದೇ ಸಿಸ್ಟರ್,” ಎಂದಳು ಹೆಂಡತಿ. “ಹಿಂದಿನ ಪುಟ ಓದೋ ಮೊದಲೇ ರಿಪೇರಿ ಮಾಡಿಬಿಟ್ವಿ. ಮತ್ತೆ ಹಾಗೇ ಮಾಡೋಕೆ ನೋಡಿದ್ವಿ…”

ಸಿಸ್ಟರ್ ಕೈಯೆತ್ತಿ ತಡೆದರು. ಬಹಳ ಹೊತ್ತು ಮನೆಯ ಮೌನವನ್ನು ಕೇಳಿಸಿಕೊಂಡರು. ಸಂಜೆಯ ಬಿಸಿಲು ಪಶ್ಚಿಮದ ಕಿಟಕಿಯಿಂದ ಆಕೆಯ ಮಡಿಲಿಗೆ ಬಿದ್ದಿತ್ತು.

“ರಿಟೈರ್ ಆಗಿ ಹನ್ನೊಂದು ವರ್ಷ ಆಯ್ತಮ್ಮ,” ಎಂದರು ಕೊನೆಗೆ. “ಹನಿ ಬೀಳೋ ಸದ್ದು ಕೇಳಿದ್ರೆ ಡ್ರಿಪ್ ಖಾಲಿ ಆಗ್ತಾ ಇದೆ ಅಂತ ಎದ್ದು ಕೂತ್ಕೋತಿದ್ದೆ. ಬಾಗಿಲು ನರಳಿದ್ರೆ ಯಾರಿಗೋ ನೋವಾಗ್ತಿದೆ ಅಂತ ಓಡಿ ಹೋಗ್ತಿದ್ದೆ. ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲ. ಪ್ಲಂಬರನ್ನ ಕರೆಸಿದ್ದೆ. ಗೋಡೆನೇ ಒಡೀಬೇಕು, ಇದು ಗುಣ ಆಗೋ ಕಾಯಿಲೆ ಅಲ್ಲ ಅಂದ. ಯಾರಾದ್ರೂ ಮುಟ್ಟಿ ಇನ್ನೂ ಕೆಡಿಸ್ತಾರೆ ಅಂತ್ಲೇ ಚಾರ್ಟ್ ಹಿಂದೆ ಆ ಸಾಲು ಬರೆದಿದ್ದೆ. ಅದಕ್ಕೇ ಮಾರಿ, ತಂಗಿ ಮನೆಗೆ ಹೋಗೋಣ ಅಂತಿದ್ದೆ.”

“ಹಾಗಾದ್ರೆ ನಾವು ಪಾಸಾ, ಸಿಸ್ಟರ್?” ಎಂದು ಮಿಲಿಗ್ರಾಂ ಕೇಳಿದ.

“ನಿಮ್ಮಂಥ ಕೈ ನಾನು ಸರ್ವಿಸ್‌ನಲ್ಲೇ ನೋಡಿಲ್ಲಪ್ಪಾ,” ಎಂದು ಸಿಸ್ಟರ್ ಚಾರ್ಟಿನ ಕೆಳಗೆ ‘ಅತ್ಯುತ್ತಮ’ ಎಂದು ಬರೆದು ಸಹಿ ಮಾಡಿದರು. “ಆದ್ರೆ ಪೇಶೆಂಟ್ ಗುಣ ಆದ್ಮೇಲೆ ಬೇರೆಯವರಿಗೆ ಯಾರಾದ್ರೂ ಒಪ್ಪಿಸ್ತಾರಾ? ನಾನು ಇಲ್ಲೇ ಇರ್ತೀನಿ.”

ಒಂಬತ್ತೂವರೆ ಗಂಟೆಗಳ ಪಾಳಿಯ ಕೊನೆಯಲ್ಲಿ ಸ್ಥಿರಪಟ್ಟದ್ದು ಇಷ್ಟು: ಅನುತ್ತೀರ್ಣರಾದ ಮೂರು ಜೋಡಿಗಳಿಗೂ ತೇರ್ಗಡೆಯಾದ ಒಂದು ಜೋಡಿಗೂ ದೊರೆತ ಮನೆಗಳ ಸಂಖ್ಯೆ ಒಂದೇ, ಅದು ಸೊನ್ನೆ.