ಮಾಸ್ಟರ್ ಮತ್ತು ಗಾರ್ಡ್ ಸಾಹೇಬರ ಹಕ್ಕಿಗಳು

ಬೆಕ್ಕು ಸಾಕಿದ ಮನೆಗೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗಿಂತ ಮೊದಲು ದೂರು ಬರುತ್ತೆ. ನಮ್ಮನೆಗಂತೂ ನಾಲ್ಕು ವರ್ಷದಿಂದ ತಪ್ಪದೆ ಬರ್ತಾ ಇದೆ.

ನಾನು ಜೋಗುಪಾಳ್ಯದಲ್ಲಿ ಲೇಡೀಸ್ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಟಿಂಗು, ಹೊಲಿಗೆ ನನ್ನದು. ಹುಕ್ಕು, ಹೆಮ್ಮಿಂಗು ನನ್ನ ಹೆಂಡತಿಯದು. ಒಂದು ಮಳೆಗಾಲದಲ್ಲಿ ಅಂಗೈಯಗಲದ ಬೆಕ್ಕಿನಮರಿಯೊಂದು ಒಳಗೆ ಬಂದು ಚಿಂದಿಬಟ್ಟೆಯ ಬುಟ್ಟಿಯಲ್ಲಿ ಮಲಗಿತು. ದೊಡ್ಡದಾದ ಮೇಲೆ ಕಟಿಂಗ್ ಟೇಬಲ್ ಹತ್ತಿದ್ದು ಇಳಿಯಲೇ ಇಲ್ಲ. ನಾನು ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಎಲ್ಲಿ ಗೆರೆ ಎಳೀತೀನೋ ಸರಿಯಾಗಿ ಅಲ್ಲೇ ಬಂದು ಕೂರೋದು. ಅದಕ್ಕೇ ನನ್ನ ಹೆಂಡತಿ ಅವನಿಗೆ 'ಮಾಸ್ಟರ್' ಅಂತ ಹೆಸರಿಟ್ಟಳು. ಗಿರಾಕಿಗಳು ನನ್ನನ್ನೂ ಮಾಸ್ಟರ್ ಅಂತಲೇ ಕರೀತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ ಅಂತೇನಲ್ಲ.

ಪಕ್ಕದ ಮನೆಯವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಬೀದಿಗೆಲ್ಲ ಗಾರ್ಡ್ ಸಾಹೇಬರು. ಮನೆ ಸುತ್ತ ಇರೋ ಅಂಗೈಯಷ್ಟು ಜಾಗದಲ್ಲಿ ದಾಸವಾಳ, ದಾಳಿಂಬೆ, ಕರಿಬೇವು ಬೆಳೆಸಿ, ಬಚ್ಚಲುಮನೆ ಕಿಟಕಿ ಕೆಳಗೆ ಮಣ್ಣಿನ ತಟ್ಟೆಯಲ್ಲಿ ನೀರು, ತೆಂಗಿನ ಚಿಪ್ಪಿನಲ್ಲಿ ನವಣೆ ಇಟ್ಟು ಹಕ್ಕಿಗಳನ್ನ ಕರೆಸಿಕೊಂಡಿದ್ದರು. ಯಾವ ಹಕ್ಕಿ ಎಷ್ಟು ಗಂಟೆಗೆ ಬರುತ್ತೆ, ಇವತ್ತು ಎಷ್ಟು ನಿಮಿಷ ಲೇಟು ಅನ್ನೋದೆಲ್ಲ ಅವರಿಗೆ ಬಾಯಿಪಾಠ. ಅವರ ಮನೆಗೂ ನಮ್ಮನೆಗೂ ನಡುವೆ ನಾಲ್ಕಡಿ ಗೋಡೆ. ಮಾಸ್ಟರ್‌ಗೆ ಅದು ಗೋಡೆಯಲ್ಲ, ಪ್ಲಾಟ್‌ಫಾರ್ಮ್.

ಗೋಡೆ ಹಾರಿದ ಮಾಸ್ಟರ್

ಒಂದು ದಿನ ಇಂದಿರಾನಗರದಿಂದ ಹೊಸ ಗಿರಾಕಿಯೊಬ್ಬರು ಬಂದಿದ್ದರು. ಮದುವೆ ಹುಡುಗಿ. ಜೊತೆಗೆ ಅವರಮ್ಮ. ಆರು ರೇಷ್ಮೆ ಬ್ಲೌಸ್ ಪೀಸು. ನಾನು ಒಳಗೆ ಟೀ ಕುಡೀತಿದ್ದೆ, ನನ್ನ ಹೆಂಡತಿ ಅವರನ್ನ ಕೂರಿಸಿ ಡಿಸೈನ್ ಪುಸ್ತಕ ತೋರಿಸ್ತಿದ್ದಳು.

ಅಷ್ಟರಲ್ಲಿ ಗಾರ್ಡ್ ಸಾಹೇಬರು ಬಾಗಿಲಿಗೆ ಬಂದು ನಿಂತರು. "ಏನಮ್ಮಾ, ಮಾಸ್ಟರ್ ಇವತ್ತೂ ನಮ್ಮ ಗೋಡೆ ಹಾರಿ ಬಂದಿದ್ದ."

ನನ್ನ ಹೆಂಡತಿ ತಲೆ ಎತ್ತದೆ, "ಅಯ್ಯೋ, ಎಷ್ಟ್ ಹೇಳಿದ್ರೂ ಕೇಳಲ್ಲ ಸಾರ್" ಅಂದಳು.

"ಬಚ್ಚಲುಮನೆ ಕಿಟಕಿ ಕೆಳಗೆ ಅರ್ಧ ಗಂಟೆ ಕೂತಿದ್ದಾನಮ್ಮಾ, ಅಲ್ಲಾಡದೆ. ಪಾಪ, ಅವು ಸ್ನಾನ ಮಾಡೋಕೆ ಬರೋ ಹೊತ್ತು ಅದು. ನಮ್ಮನೆಯವಳು ಕೊಡದಲ್ಲಿ ನೀರು ಸುರಿದ ಮೇಲೇನೇ ಓಡಿದ್ದು."

"ಮನೇಲಿ ಹೊಟ್ಟೆತುಂಬ ಹಾಕ್ತೀನಿ ಸಾರ್. ಆದ್ರೂ ಆ ಚಪಲ ಹೋಗಲ್ಲ ಅವನಿಗೆ."

ಸರಿಯಾಗಿ ಆಗಲೇ ನಾನು ಕತ್ತಿಗೆ ಟೇಪು ಹಾಕಿಕೊಂಡು ಪರದೆ ಸರಿಸಿ ಹೊರಗೆ ಬಂದೆ. ಸಾಹೇಬರು, "ಬನ್ನಿ ಮಾಸ್ಟರ್, ನಿಮ್ಮ ವಿಷಯಾನೇ ಮಾತಾಡ್ತಿದ್ವಿ" ಅಂದುಬಿಟ್ಟರು.

ಆ ತಾಯಿ ಆರೂ ಬ್ಲೌಸ್ ಪೀಸ್ ಬಾಚಿ ಚೀಲಕ್ಕೆ ತುಂಬಿದ ರಭಸ ನಾನು ಯಾವ ಸೀರೆ ಸೇಲಿನಲ್ಲೂ ನೋಡಿಲ್ಲ. ನಾನು ಗಾಬರಿಯಾಗಿ, "ಅಮ್ಮಾ, ಅಳತೆ ತಗೋಬೇಕಲ್ಲ" ಅಂದೆ.

"ನಿಮ್ಮ ಅಳತೆ ನಮಗೆ ಸಿಕ್ತು" ಅಂತ ಹೇಳಿ ಮಗಳ ಕೈ ಹಿಡಿದು ನಡೆದರು.

ಏಳು ಗಂಟೆಯ ವಿಷಲ್

ಬೆಕ್ಕು ಬಂದಾಗೆಲ್ಲ ಕೂಗಿ ಕೂಗಿ ಸಾಹೇಬರ ಗಂಟಲು ಬಿತ್ತು. ಆಮೇಲೆ ಸರ್ವೀಸಿನಲ್ಲಿ ಊದುತ್ತಿದ್ದ ಹಳೇ ವಿಷಲ್ ಹುಡುಕಿ ತೆಗೆದರು. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಮಾಸ್ಟರ್ ಗೋಡೆ ಮೇಲೆ ಕಾಲಿಟ್ಟಿದ್ದೇ ತಡ, ಸಾಹೇಬರು ಕೆನ್ನೆ ಉಬ್ಬಿಸಿ ಊದಿದರು. ಮಾಸ್ಟರ್ ಬಂದ ದಾರಿಯಲ್ಲೇ ವಾಪಸ್ ಹಾರಿದ. ಸಾಹೇಬರಿಗೆ ಬೆಂಗಳೂರು-ಮದ್ರಾಸ್ ಗಾಡಿ ಕಳಿಸಿದಷ್ಟು ತೃಪ್ತಿ.

ಎರಡು ನಿಮಿಷಕ್ಕೆ ಬೀದಿಯ ಬಾಗಿಲುಗಳೆಲ್ಲ ದಡದಡ ತೆರೆದವು. ಒಬ್ಬರು ನೈಟಿ ಮೇಲೆ ಟವೆಲ್ ಹೊದ್ದು, ಒಬ್ಬರು ಬಾಯಲ್ಲಿ ಬ್ರಷ್ ಇಟ್ಟುಕೊಂಡು, ಒಬ್ಬರು ಎದೆಮೇಲೆ ಶೇವಿಂಗ್ ನೊರೆ ಸುರಿಸಿಕೊಂಡು, ಎಲ್ಲರ ಕೈಯಲ್ಲೂ ಎರಡೆರಡು ಬಕೆಟ್ಟು. ಹಸಿ ಕಸ, ಒಣ ಕಸ. ನಮ್ಮ ಬೀದಿಗೆ ಕಸದ ಗಾಡಿ ಬಂದರೆ ಹೀಗೇ ವಿಷಲ್ ಊದೋದು.

"ಗಾಡಿ ಎಲ್ಲಿ?" "ಆಗ್ಲೇ ಹೋಯ್ತಾ?" "ಆ ಕಡೆ ಓಡ್ರೀ, ತಿರುವಲ್ಲಿ ಸಿಗುತ್ತೆ!" ಅಂತ ನಾಲ್ಕು ಜನ ಬಕೆಟ್ ಹಿಡಿದು ಹಲಸೂರು ಕೆರೆ ದಿಕ್ಕಿಗೆ ಓಡಿಯೂ ಬಿಟ್ಟರು.

ಇದು ಒಂದು ವಾರ ನಡೀತು. ಆಮೇಲೆ ಜನ ಬುದ್ಧಿವಂತರಾದರು. ವಿಷಲ್ ಕೇಳಿದರೆ, "ಕಸ ಅಲ್ಲ ಬಿಡೇ, ಬೆಕ್ಕು" ಅಂತ ಮುಸುಕೆಳೆದು ಮಲಗೋಕೆ ಶುರುಮಾಡಿದರು. ಒಂಬತ್ತಕ್ಕೆ ನಿಜವಾದ ಗಾಡಿ ಬಂದು ಊದೀ ಊದೀ ಸುಸ್ತಾದರೂ ಒಬ್ಬರೂ ಹೊರಗೆ ಬರಲಿಲ್ಲ. ಮೂರು ದಿನದ ಕಸ ಮನೆಯಲ್ಲೇ ಉಳಿಯಿತು.

ಗಾಡಿಯ ಹೆಂಗಸು ವಿಚಾರಿಸಿಕೊಂಡು ನೇರ ಸಾಹೇಬರ ಗೇಟಿಗೆ ಬಂದಳು. "ಯಜಮಾನ್ರೇ, ಈ ಏರಿಯಾ ನಂದು. ನಿಮಗೆ ಊದೋ ಆಸೆ ಇದ್ರೆ ಗಾಡಿ ಹತ್ತಿ, ಕಸಾನೂ ಎತ್ತಿ."

ಮೀನಿನ ಭಾಯ್ ಹೇಳಿದ ಉಪಾಯ

ವಾರಕ್ಕೆರಡು ದಿನ ಶಿವಾಜಿನಗರದಿಂದ ಮೀನಿನ ಭಾಯ್ ಒಬ್ಬರು ಮೊಪೆಡ್ ಮೇಲೆ ಬರ್ತಾರೆ. ರಸೆಲ್ ಮಾರುಕಟ್ಟೆ ಹತ್ತಿರ ಬೆಳಿಗ್ಗೆಯೇ ಮೀನು ಹಾಕಿಸಿಕೊಂಡು ಹತ್ತು ಗಂಟೆಗೆ ನಮ್ಮ ಬೀದಿಯಲ್ಲಿರ್ತಾರೆ. ಅವತ್ತು ನಾನೂ ಸಾಹೇಬರೂ ಬಾಗಿಲಲ್ಲಿ ನಿಂತು ಮಾಸ್ಟರ್ ವಿಷಯಕ್ಕೆ ವಾದ ಮಾಡೋದನ್ನ ಕೇಳಿ ಅವರು ನಗಾಡಿದರು.

"ಅರೆ, ಪೇಟ್ ಭರಾ ತೋ ಶಿಕಾರ್ ಕಾಯ್ಕು ಕರ್ತಾ ಜೀ? ಹೊಟ್ಟೆ ತುಂಬಿದ್ರೆ ಬೇಟೆ ಯಾಕ್ ಆಡ್ತಾನೆ? ನೀವು ಅವನಿಗೆ ಬರೀ ಮೊಸರನ್ನ ಹಾಕ್ತೀರಿ. ಮೊಸರನ್ನ ತಿನ್ಸಿ ಹುಲಿ ಸಾಕೋಕಾಗುತ್ತಾ?"

ಹಾಗಂತ ಅವರೇ ಮೂರು ದಪ್ಪ ಮತ್ತಿಮೀನು ತೆಗೆದು ಮಾಸ್ಟರ್ ಮುಂದಿಟ್ಟರು. ಮಾಸ್ಟರ್ ತಲೆಯಿಂದ ಬಾಲದವರೆಗೆ ಮುಗಿಸಿದ. ಮೀಸೆ ನೆಕ್ಕಿಕೊಂಡ. ಮೈ ಮುರಿದ.

"ನೋಡಿದ್ರಾ? ಇನ್ನು ಸಾಯಂಕಾಲದವರೆಗೆ ನಿದ್ದೆ" ಅಂದರು ಭಾಯ್.

ಮಾಸ್ಟರ್ ನಿಧಾನವಾಗಿ ಎದ್ದು ಗೋಡೆಯಾಚೆ ಹೋದ. ನಾವಿನ್ನೂ ಮಾತು ಮುಗಿಸಿರಲಿಲ್ಲ, ಬಾಯಲ್ಲೊಂದು ಪಾರಿವಾಳ ಹಿಡಿದು ಬಂದು ಅದನ್ನ ಭಾಯ್ ಕಾಲ ಬಳಿ ಇಟ್ಟು, ಮುಖ ನೋಡುತ್ತಾ ಕೂತ. ಪಾರಿವಾಳಕ್ಕೆ ಗಾಯವೇನೂ ಆಗಿರಲಿಲ್ಲ. ಒಂದು ಕ್ಷಣ ಸುಮ್ಮನೆ ಬಿದ್ದಿದ್ದು, ಪಟಪಟ ಅಂತ ಎದ್ದು ಭಾಯ್ ಟೋಪಿ ಮೇಲೆ ಕಾಲಿಟ್ಟು, ಅಲ್ಲಿಂದ ಕರೆಂಟು ತಂತಿಗೆ ಹಾರಿತು.

ಭಾಯ್ ಟೋಪಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ವ್ಯಾಪಾರ ಮಾಡಿದೀನಿ ಮಾಸ್ಟರ್. ಮೀನು ತಿಂದು ಪಾರಿವಾಳ ತಂದ್ಕೊಟ್ಟ ಗಿರಾಕಿ ಇವನೊಬ್ನೇ."

ಟ್ರಯಲ್

ಎಲ್ಲವೂ ನಗೋ ವಿಷಯ ಆಗಿರಲಿಲ್ಲ. ಸಾಹೇಬರ ಗೇಟಿನ ಬಳಿ ದಾಸವಾಳದ ಕೊಂಬೆಗೆ ಒಂದು ಸೂರಕ್ಕಿ ಗೂಡು ಕಟ್ಟುತ್ತಿತ್ತು. ನಾರು, ಜೇಡರಬಲೆ, ನನ್ನ ಅಂಗಡಿಯಿಂದ ಹಾರಿಹೋದ ನೂಲು ಎಲ್ಲ ಸೇರಿಸಿ ಹೆಬ್ಬೆಟ್ಟಿನಷ್ಟು ಹಕ್ಕಿ ಹದಿನೈದು ದಿನ ಒದ್ದಾಡಿತ್ತು. ಒಂದು ಮಧ್ಯಾಹ್ನ ಸಾಹೇಬರು ಬಂದರು. ಕೂಗಲಿಲ್ಲ. ಕರವಸ್ತ್ರ ಬಿಚ್ಚಿ ತೋರಿಸಿದರು. ಹಕ್ಕಿ ಅದರೊಳಗಿತ್ತು.

"ನಾಳೆ ನಾಳಿದ್ದರಲ್ಲಿ ಮೊಟ್ಟೆ ಇಡೋದಿತ್ತು ಮಾಸ್ಟರ್" ಅಂದರು ಅಷ್ಟೇ.

ಬೈದಿದ್ದರೆ ತಡೆದುಕೊಳ್ತಿದ್ದೆ. ಆ ದಿನ ನನ್ನ ಹೊಲಿಗೆ ನೇರ ಬೀಳಲಿಲ್ಲ. ಸಾಹೇಬರು ಹತ್ತು ದಿನ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮಾಸ್ಟರ್ ಕತ್ತಿಗೆ ಗೆಜ್ಜೆ ಕಟ್ಟಿದೆ. ಅವನು ಎರಡೇ ದಿನಕ್ಕೆ ಗೆಜ್ಜೆ ಸದ್ದಾಗದ ಹಾಗೆ ನಡೆಯೋದು ಕಲಿತ.

ಹನ್ನೊಂದನೇ ದಿನ ಸಾಹೇಬರು ಮೊಬೈಲ್ ಹಿಡಿದು ಅಂಗಡಿಯೊಳಗೆ ಬಂದರು. ಫಾರಿನ್ನಲ್ಲೆಲ್ಲೋ ಬೆಕ್ಕಿನ ಕತ್ತಿಗೆ ಗಾಢ ಬಣ್ಣದ ಫ್ರಿಲ್ ಹಾಕ್ತಾರಂತೆ. ಹಕ್ಕಿಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತೆ, ದೂರದಿಂದಲೇ ನೋಡಿ ಹಾರಿಹೋಗ್ತಾವೆ. ಫೋಟೋ ತೋರಿಸಿ, "ಇದನ್ನ ಹೊಲೀತೀರಾ?" ಅಂದರು.

ಅಭ್ಯಾಸಬಲದಿಂದ ನನ್ನ ಬಾಯಲ್ಲಿ, "ಮಂಗಳವಾರ ಬನ್ನಿ ಸಾರ್" ಅಂತ ಬಂತು.

"ಅಷ್ಟರಲ್ಲಿ ಎಷ್ಟು ಹಕ್ಕಿ ಉಳಿದಿರ್ತಾವೆ ಮಾಸ್ಟರ್?"

ಮಿಷನ್ ಮೇಲಿದ್ದ ಬ್ಲೌಸು ಪಕ್ಕಕ್ಕಿಟ್ಟು ಆಗಲೇ ಕೂತೆ. ಸಾಹೇಬರು ಬೆಕ್ಕನ್ನ ಹಿಡಿದುಕೊಂಡರು, ನಾನು ಕತ್ತಿನ ಸುತ್ತಳತೆ ತೆಗೆದೆ. ಕೆಂಪು, ಹಳದಿ, ಗಿಳಿಹಸಿರು ಮೂರು ಪದರದ ಫ್ರಿಲ್ಲು. ಎಲ್ಲಾದರೂ ಸಿಕ್ಕಿಕೊಂಡರೆ ಕಳಚಿ ಬರಲಿ ಅಂತ ಒಳಗೆ ಸಡಿಲ ಎಲಾಸ್ಟಿಕ್. ಹಾಕಿದ ಮೇಲೆ ಮಾಸ್ಟರ್ ನಾಟಕ ಕಂಪನಿ ರಾಜನ ಹಾಗೆ ಕಂಡ. ಗೋಡೆ ಮೇಲೆ ಕಾಲಿಟ್ಟ ತಕ್ಷಣ ಗುಬ್ಬಿಗಳು ಕಿರುಚಿಕೊಂಡು ಮೇಲೆದ್ದವು. ಮೂರು ವಾರ ಒಂದು ಗರಿಯೂ ಬೀಳಲಿಲ್ಲ. ಸಾಹೇಬರ ಮನೆಯಿಂದ ನಮಗೆ ಪೊಂಗಲ್ ಬಂತು.

ಜೊತೆಗೆ ಗಿರಾಕಿಗಳೂ ಬಂದರು. ಮಾರತ್ತಹಳ್ಳಿಯ ಆಫೀಸಿನಲ್ಲಿ ಕೆಲಸ ಮಾಡೋ ಹುಡುಗಿಯೊಬ್ಬಳು ಮಾಸ್ಟರ್‌ನನ್ನ ತಿರುಗಿಸಿ ಮುರುಗಿಸಿ ನೋಡಿ, "ಅಂಕಲ್, ಸೇಮ್ ಇದೇ ಫ್ರಿಲ್ ನನ್ ಬ್ಲೌಸ್ ತೋಳಿಗೆ ಇಡಿ" ಅಂದಳು. ನಾನು ಜೀವ ತೇಯ್ದು ಹೊಲಿದುಕೊಟ್ಟೆ.

ಟ್ರಯಲ್‌ಗೆ ಹಾಕಿಕೊಂಡು ಕನ್ನಡಿ ಮುಂದೆ ಬಹಳ ಹೊತ್ತು ನಿಂತಳು. ಒಂದು ಸಲ ತನ್ನನ್ನ ನೋಡಿಕೊಂಡಳು, ಒಂದು ಸಲ ಟೇಬಲ್ ಮೇಲಿದ್ದ ಮಾಸ್ಟರ್‌ನನ್ನ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟಳು. "ಫ್ರಿಲ್ ಬಿಚ್ಬಿಡಿ ಅಂಕಲ್. ಅವನಿಗೇ ಚೆನ್ನಾಗ್ ಕಾಣುತ್ತೆ."

ಕಪ್ಪು ಪೆಟ್ಟಿಗೆ

ಹೀಗೆ ಎಲ್ಲ ಸರಿಹೋಯ್ತು ಅನ್ನುವಾಗ ಮಾಸ್ಟರ್ ಕಾಣೆಯಾದ. ಒಂದು ದಿನ ಕಾದೆವು, ಎರಡು ದಿನ ಕಾದೆವು. ತಟ್ಟೆಯಲ್ಲಿಟ್ಟ ಹಾಲು ಹಾಗೇ ಇತ್ತು. ಹಿಂದೊಮ್ಮೆ ಕೋಪದಲ್ಲಿ ಸಾಹೇಬರು, "ಇವನನ್ನ ಗೋಣಿಚೀಲಕ್ಕೆ ಹಾಕಿ ಕೆ.ಆರ್. ಪುರಂ ಆಚೆ ಬಿಟ್ಟು ಬರ್ತೀನಿ" ಅಂದಿದ್ದರು. ನನ್ನ ಹೆಂಡತಿಗೆ ಅದೇ ಮಾತು ಕಿವಿಯಲ್ಲಿ ಕೂತಿತ್ತು. ಗೋಡೆ ಪಕ್ಕ ನಿಂತು ಬೇಕಂತಲೇ ಜೋರಾಗಿ, "ಯಾರ್ ಏನ್ ಮಾಡಿದ್ರೋ ದೇವರೇ ನೋಡ್ಕೊಳ್ಲಿ" ಅಂದಳು.

ಐದು ನಿಮಿಷಕ್ಕೆ ಸಾಹೇಬರು ಚಪ್ಪಲಿ ಮೆಟ್ಟಿ ಬಂದರು. ಮುಖ ಸಣ್ಣಗಾಗಿತ್ತು. "ಸತ್ಯವಾಗ್ಲೂ ನಾನೇನೂ ಮಾಡಿಲ್ಲ ಮಾಸ್ಟರ್. ನಡೀರಿ, ಹುಡುಕೋಣ."

ಇಬ್ಬರೂ ಗಲ್ಲಿ ಗಲ್ಲಿ ಸುತ್ತಿದೆವು. ಸಾಹೇಬರಿಗೆ ಗಾರ್ಡಿನ ಗಂಟಲು. "ಮಾಸ್ಟರ್! ಮಾಸ್ಟರ್!" ಅಂತ ಕೂಗ್ತಾ ಮುಂದೆ ಹೋಗೋರು, ನಾನು ಪಕ್ಕದಲ್ಲಿ ಪೊದೆ, ಚರಂಡಿ ಇಣುಕುತ್ತಾ ಹೋಗೋನು. ಹೂ ಮಾರೋ ಅಜ್ಜಿ ಕೊನೆಗೆ ತಡೀಲಾರದೆ, "ಯಪ್ಪಾ, ಕಣ್ಣು ಕಾಣಲ್ವಾ? ಟೈಲರ್ ಮಾಸ್ಟರ್ ನಿನ್ ಪಕ್ಕದಲ್ಲೇ ಅವ್ರೆ!" ಅಂದಳು.

ಸೋತು ಮನೆಗೆ ಬಂದರೆ ಸಾಹೇಬರ ಹೆಂಡತಿ ಗೇಟಲ್ಲೇ ನಿಂತು ಕೈಬೀಸಿ ಕರೀತಿದ್ದರು. ಹಿತ್ತಲ ಮೆಟ್ಟಿಲ ಕೆಳಗೆ ಸಾಹೇಬರ ಸರ್ವೀಸಿನ ಕಪ್ಪು ಕಬ್ಬಿಣದ ಪೆಟ್ಟಿಗೆ ಇತ್ತು. ಗಾಳಿಯಾಡಲಿ ಅಂತ ವಾರದಿಂದ ಮುಚ್ಚಳ ತೆರೆದಿಟ್ಟಿದ್ದರು. ಒಳಗೆ, ಇಸ್ತ್ರಿ ಮಾಡಿ ಮಡಿಸಿಟ್ಟಿದ್ದ ಅವರ ಬಿಳಿ ಯೂನಿಫಾರ್ಮಿನ ಮೇಲೆ ಮಾಸ್ಟರ್ ಮಲಗಿದ್ದ. ಮಾಸ್ಟರ್ ಹೊಟ್ಟೆಗೆ ಅಂಟಿಕೊಂಡು ನಾಲ್ಕು ಮರಿ.

ಸಾಹೇಬರು ಮರಿಗಳನ್ನ ನೋಡಿದರು, ಮಾಸ್ಟರ್‌ನನ್ನ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಇಪ್ಪತ್ತೈದು ವರ್ಷದಿಂದ ಬರೀ ಹೆಂಗಸರ ಅಳತೇನೇ ತಗೋತಿದೀರಲ್ರೀ. ಇದು ಹೆಣ್ಣು ಅಂತ ಗೊತ್ತಾಗ್ಲಿಲ್ವಾ?"

ಪೆಟ್ಟಿಗೆ ನಮ್ಮನೆಗೆ ಒಯ್ಯೋಣ ಅಂತ ನಾನು ಕೈ ಹಾಕಿದರೆ ಸಾಹೇಬರು ಅಡ್ಡ ಬಂದರು. "ಮುಟ್ಬೇಡಿ. ಜಾಗ ಬದಲಾಯಿಸಿದ್ರೆ ತಾಯಿ ಹಾಲು ಕೊಡೋದನ್ನೇ ಬಿಡ್ತಾಳೆ." ಸಂಜೆಗೆ ಪೆಟ್ಟಿಗೆ ಪಕ್ಕ ಟೇಬಲ್ ಫ್ಯಾನು ಬಂತು. ಮಾರನೇ ದಿನ ಬಾಣಂತಿಗೆ ಅಂತ ಮೀನಿನ ಭಾಯ್ ಹತ್ತಿರ ಸ್ವತಃ ಸಾಹೇಬರೇ ಹೋಗಿ ಮುಳ್ಳು ಕಡಿಮೆ ಇರೋ ಮೀನು ಕೇಳಿದರು. ಅವರು ಹುಟ್ಟಾ ಸಸ್ಯಾಹಾರಿ. ಮಾಸ್ಟರ್‌ಗೆ ಆಪರೇಷನ್ ಮಾಡಿಸಿದ್ದು, ಬೆಳಗಿನ ಹೊತ್ತು ಒಳಗೇ ಕೂಡಿಹಾಕೋಕೆ ಶುರುಮಾಡಿದ್ದು ಎಲ್ಲ ಆಮೇಲಿನ ಮಾತು.

ತಿಂಗಳಾಗುವಷ್ಟರಲ್ಲಿ ಮರಿಗಳು ಹಿತ್ತಲಿಗೆ ಇಳಿದವು. ಇಳಿದ ಮೊದಲ ದಿನವೇ ಕಾಗೆಗಳು ಕಣ್ಣು ಹಾಕಿದವು. ಸಾಹೇಬರು ಮೂವತ್ತು ವರ್ಷದಿಂದ ತಿಂಡಿಗೆ ಮುಂಚೆ ತಾರಸಿ ಮೇಲೆ ಕಾಗೆಗಳಿಗೆ ಅನ್ನ ಇಡುವವರು. ಆ ಕಾಗೆಗಳಿಗೆ ಇವರ ಗುರುತು ಎಷ್ಟಿತ್ತೆಂದರೆ ಓಡಿಸೋಕೆ ಕೈ ಎತ್ತಿದರೆ ಊಟಕ್ಕೆ ಕರೀತಿದ್ದಾರೆ ಅಂತ ಇನ್ನೂ ಹತ್ತು ಬಂದು ಕೂರೋವು. ಸಾಹೇಬರು ಛತ್ರಿ ಬಿಚ್ಚಿಕೊಂಡು ಹಿತ್ತಲಲ್ಲಿ ಗಸ್ತು ತಿರುಗುತ್ತಾ, "ಹೋಗ್ ಹೋಗ್! ನಾಚಿಕೆ ಆಗಲ್ವಾ? ಎಳೇ ಮಕ್ಕಳು ಕಣ್ರೋ!" ಅಂತ ಹಕ್ಕಿಗಳಿಗೆ ಬೈಯೋದನ್ನ ಇಡೀ ಬೀದಿ ಗೋಡೆ ಮೇಲಿಂದ ಇಣುಕಿ ನೋಡಿತು.

ನಾಲ್ಕನೇ ದಿನ ಬೆಳಿಗ್ಗೆ ನಾನು ಅಂಗಡಿ ತೆಗೀತಿದ್ದ ಹಾಗೇ ಸಾಹೇಬರು ಛತ್ರಿ ಸಮೇತ ಬಂದರು. ಕೋಪದಲ್ಲಿ ಕೆಂಪಗಾಗಿದ್ದರು.

"ಮಾಸ್ಟರ್, ಇದನ್ನ ಹೀಗೇ ಬಿಟ್ರೆ ಆಗಲ್ಲ. ಬೀದಿಯವರೆಲ್ಲ ಸೇರಿ ಒಂದು ಕಂಪ್ಲೇಂಟ್ ಬರೀಬೇಕು. ಯಾರೋ ತಲೆ ಕೆಟ್ಟವರು ಈ ಕಾಗೆಗಳಿಗೆ ದಿನಾ ಅನ್ನ ಹಾಕಿ ಹಾಕಿ ರೂಢಿ ಮಾಡ್ಸಿದಾರೆ. ಮೊದಲು ಅವನನ್ನ ಹಿಡಿದು ಬುದ್ಧಿ ಹೇಳ್ಬೇಕು!"

ನಾನು ಟೇಪು ಸುತ್ತುತ್ತಾ ನಿಂತಿದ್ದೆ. ಗೋಡೆಯಾಚೆಯಿಂದ ಅವರ ಹೆಂಡತಿಯ ಧ್ವನಿ ಬಂತು.

"ಒಳಗೆ ಬನ್ರೀ. ಕನ್ನಡಿ ಮುಂದೆ ನಿಲ್ಲಿಸ್ತೀನಿ, ಎದುರುಬದುರು ನಿಂತು ಹೇಳ್ಬಿಡಿ."