ಮಾವನ ಉಗುರು

ನಮ್ಮ ಸೋದರಮಾವನ ಪ್ರಕಾರ ಈ ಲೋಕದಲ್ಲಿ ಇವತ್ತಿನವರೆಗೂ ಯಾವುದೂ ಸತ್ತಿಲ್ಲ! ನಂಬಿಕೆ ಬರದಿದ್ದರೆ ಸುರಪುರಕ್ಕೆ ಹೋಗಿ ಅವನ ಕಿರಾಣಿ ಅಂಗಡಿಯ ಹಿಂದಿನ ಅಂಗಳಕ್ಕೊಮ್ಮೆ ಇಣುಕಿ ನೋಡಿ. ಊರವರು ತಿಪ್ಪೆಗೆ ಎಸೆದ ಒಣಗಿದ ನಿಂಬೆ, ಕರಿಬೇವು, ದಾಸವಾಳದ ಗಿಡಗಳೆಲ್ಲ ಅಲ್ಲಿ ಡಬ್ಬಿಗಳಲ್ಲಿ ನಿಂತಿರುತ್ತವೆ. ಮಾವ ದಿನಾ ಬೆಳಿಗ್ಗೆ ಒಂದೊಂದರ ತೊಗಟೆಯನ್ನು ಉಗುರಿನಿಂದ ಕೆರೆದು, ಕಣ್ಣಿನ ಹತ್ತಿರ ಹಿಡಿದು, "ಒಳಗ ಹಸಿ ಐತಿ" ಎಂದು ತೀರ್ಪು ಕೊಟ್ಟು ನೀರು ಹಾಕುತ್ತಾನೆ. ನಮ್ಮ ಕಡೆ ರೈತರೆಲ್ಲ ಹಾಗೆ ಕೆರೆದು ನೋಡುವವರೇ. ಅವರಿಗೆ ಆಗಾಗ ಒಣಗಿದ್ದೂ ಕಾಣುತ್ತದೆ, ಮಾವನಿಗೆ ಒಮ್ಮೆಯೂ ಕಂಡಿಲ್ಲ.

"ಒಣಗಿದ್ದು ಒಣಗೈತಿ, ಒಗೀರಿ ಹೊರಗ" ಎನ್ನುವುದು ನಮ್ಮ ಅತ್ತೆಯ ಸುಪ್ರಭಾತ. ಆಕೆ ಬೈಯುವುದು, ಈತ ನೀರು ಹಾಕುವುದು, ಅವರ ಸಂಸಾರ ಸಾಗಿದ್ದೇ ಹೀಗೆ.

ನನಗೆ ಹೆಣ್ಣು ನೋಡಲು ಶಹಾಪುರಕ್ಕೆ ಹೋದಾಗಲೂ ಆ ಉಗುರು ಸುಮ್ಮನಿರಲಿಲ್ಲ. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರೆ ಈತ ಎದ್ದು ಹೋಗಿ ಅವರ ಬಾಗಿಲ ಚೌಕಟ್ಟನ್ನು ಕೆರೆಯುತ್ತ ನಿಂತಿದ್ದ. "ಏನ್ ನೋಡಾಕತ್ತೀರಿ?" ಎಂದು ಹೆಣ್ಣಿನ ತಂದೆ ಕೇಳಿದರು. "ಕಟಿಗಿಗೆ ಇನ್ನಾ ಜೀವ ಐತೇನಂತ ನೋಡಾಕತ್ತೀನ್ರಿ." ಆ ಸಂಬಂಧ ಅಲ್ಲೇ ಸತ್ತಿತು. ಅದನ್ನು ಮಾತ್ರ ಮಾವ ಬದುಕಿಸುವ ಗೋಜಿಗೆ ಹೋಗಲಿಲ್ಲ!

ಹೀಗಿರುವಾಗ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಡುವೆಯೇ ನಿಂತಿತು. ಅತ್ತೆಗೆ ಲಕ್ವಾ ಹೊಡೆದಿತ್ತು. ಬಲಗೈ ಬಿತ್ತು, ಮಾತು ಹೋಯಿತು. ಸುದ್ದಿ ಕೇಳಿ ನಾನೂ ಯಾದಗಿರಿಯಿಂದ ಕಲಬುರಗಿಯ ದವಾಖಾನೆಗೆ ಓಡಿದೆ. ಅಷ್ಟರಲ್ಲಿ ಸ್ಕ್ಯಾನ್ ಆಗಿ, ಔಷಧಿಯೂ ಶುರುವಾಗಿತ್ತು. ಡಾಕ್ಟರು ಕಂಪ್ಯೂಟರಿನಲ್ಲಿ ಅತ್ತೆಯ ಮಿದುಳಿನ ಚಿತ್ರ ತೋರಿಸಿದರು. ನಡುವೆ ಒಂದು ಕಲೆ, ಅದರ ಸುತ್ತ ಬೇರೆ ಬಣ್ಣದ ಅಂಚು.

"ನಡುವಿನ ಜೀವಕೋಶ ಸತ್ತಾವ್ರಿ. ಅಂಚಿನವು ಸಾಕಷ್ಟು ರಕ್ತ ಸಿಗಲಾರದ ಹಸದಾವ, ಇನ್ನಾ ಸತ್ತಿಲ್ಲ. ಎಲ್ಲಾ ಒಮ್ಮಿಗೇ ಸಾಯಂಗಿಲ್ಲ. ಕೆಲವು ಕೂಡ್ಲೇ ಒಡದು ಹೋಗ್ತಾವ, ಕೆಲವು ಆಮ್ಯಾಲೆ ತಮ್ಮಷ್ಟಕ್ಕ ತಾವೇ ಸಾಯ್ತಾವ. ಅದು ಹ್ಯಾಂಗ ನಡೀತೈತಿ ಅಂತ ತಿಳಕೊಳ್ಳಾಕ ನಾವು ಮತ್ತ ಮತ್ತ ಸ್ಕ್ಯಾನ್ ಮಾಡಿ ನೋಡಾಕತ್ತೀವಿ. ನಿಮ್ಮ ಒಪ್ಪಿಗಿ ಇದ್ರ ಮುಂದೂ ಕರಕೊಂಡು ಬರ್ರಿ."

ಮಾವ ಏನು ಮಾಡಿರಬಹುದು ಹೇಳಿ? ಮುಂದೆ ಬಾಗಿ ಕಂಪ್ಯೂಟರಿನ ಪರದೆಯನ್ನು ಉಗುರಿನಿಂದ ಕೆರೆದ!

"ಅದಕ್ಕ ಈ ಮಷೀನ್ ಐತ್ರಿ ಯಜಮಾನ್ರ" ಎಂದರು ಡಾಕ್ಟರು.

"ಹಂಗಂದ್ರ ಇದು ನಿಮ್ಮ ಉಗುರು ಅನ್ರಿ. ನಡುವಿಂದೂ ಸ್ವಲ್ಪ ನೋಡ್ರಿ, ಹಸಿ ಇರ್ತೈತಿ."

"ಗಿಡ ಬ್ಯಾರೆ, ಮಿದುಳು ಬ್ಯಾರೆ. ನಡುವಿಂದು ತಿರುಗಿ ಬರಂಗಿಲ್ರಿ. ಅಂಚು ಉಳಿದ್ರ, ಉಳಿದದ್ದು ಸತ್ತದ್ದರ ಕೆಲಸ ಕಲೀತೈತಿ. ಅವರಿಗೆ ಮಾತಾಡಬೇಕು ಅನ್ನಸ್ರಿ."

ಮಾವ ವಾದ ಮಾಡಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಅವನು ಸತ್ತದ್ದನ್ನು ಸತ್ತಿದೆ ಎಂದು ಒಪ್ಪಿದ್ದು ಅದೇ ಮೊದಲು. ನನಗೆ ಭಯವಾಯಿತು.

ಅತ್ತೆಯನ್ನು ಸುರಪುರಕ್ಕೆ ಕರೆತಂದು ನಾನೂ ಅಲ್ಲೇ ಉಳಿದ ಮೇಲೆ ಆ ಭಯ ಇನ್ನೂ ಹೆಚ್ಚಾಯಿತು. ಮಾವ ಊರೂರು ತಿರುಗಿ ಒಣಗಿದ ಗಿಡ ತರತೊಡಗಿದ. ಹುಣಸಗಿಯಿಂದ ಟಂಟಂ ಗಾಡಿಯಲ್ಲಿ ಬಂದವು! ಅಂಗಳ ತುಂಬಿ, ಪಡಸಾಲೆ ತುಂಬಿ, ದೇವರ ಕೋಣೆಯ ಬಾಗಿಲವರೆಗೂ ಕಟ್ಟಿಗೆಯೇ ಕಟ್ಟಿಗೆ. "ಹೇಂತಿ ಬಿದ್ದ ಮ್ಯಾಲೆ ತಲಿ ಕೆಟ್ಟೈತಿ" ಎಂದು ಓಣಿಯವರು ನನ್ನ ಕಿವಿಯಲ್ಲಿ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಅತ್ತೆ ಹಾಸಿಗೆಯಿಂದ ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಿದ್ದಳು, ತುಟಿ ಅದುರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮಾವ ಕಾಯುತ್ತಿದ್ದ.

ಕೊನೆಗೊಂದು ದಿನ, ಆಕೆಯ ಕಣ್ಣೆದುರೇ, ಬೇರಿಗೆ ಮಣ್ಣು ಮೆತ್ತಿದ್ದ ಒಂದು ಒಣ ಪೇರಲ ಗಿಡವನ್ನು ತಂದು ಆಕೆಯ ರೊಟ್ಟಿ ಹಂಚಿನ ಮೇಲೆ ಇಟ್ಟ. ಅಷ್ಟು ಸಾಕಾಯಿತು.

"ಒ... ಒಗಿ!"

ಮಾವ ಆ ಗಿಡವನ್ನೇ ಹೆಗಲ ಮೇಲೆ ಹೊತ್ತು ಓಣಿಗೆ ಓಡಿದ. "ನನ್ನ ಹೇಂತಿ ನನಗ ಬೈದಾಳ್ರಿ, ಪೇಢೆ ತಗೋರಿ" ಎಂದು ಮನೆಮನೆಗೆ ಹಂಚಿದ. "ಒಗೀರಿ ಅನ್ನಲಿಲ್ಲಲ್ಲೋ?" ಎಂದು ಪಕ್ಕದ ಮನೆಯ ಮುದುಕಿ ಕೆಣಕಿದಳು. "ಮೊದಲ ಬೈಗುಳ ಬರ್ಲಿ, ಮರ್ಯಾದಿ ಆಮ್ಯಾಲೆ ಬರ್ತೈತಿ" ಎಂದ. ಹೆಂಡತಿಯ ಬೈಗುಳಕ್ಕೆ ಪೇಢೆ ಹಂಚಿದ ಗಂಡ ನಿಮ್ಮೂರಲ್ಲಿ ಯಾರಾದರೂ ಇದ್ದಾನೆಯೇ? ನಮ್ಮ ವಂಶಕ್ಕಂತೂ ಒಬ್ಬ ಸಿಕ್ಕ!

ಅತ್ತೆಯನ್ನು ಮುಂದಿನ ಸ್ಕ್ಯಾನಿಗೆ ಕರೆದುಕೊಂಡು ಹೋದಾಗ ಡಾಕ್ಟರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ನಡುವಿನ ಕಲೆ ಹೋಗಿರಲಿಲ್ಲ, ಆದರೆ ಬೆಳೆದೂ ಇರಲಿಲ್ಲ. "ಅಂಚು ಉಳಿದೈತ್ರಿ" ಎಂದರು. ವಾಪಸು ಬರುವಾಗ ಮಾವ ಡಾಕ್ಟರು ಕೊಟ್ಟ ಸ್ಕ್ಯಾನ್ ಫಿಲ್ಮನ್ನು ಬಸ್ಸಿನ ಕಿಟಕಿಗೆ ಹಿಡಿದು ಕಂಡಕ್ಟರಿಗೆ ತೋರಿಸಿದ. ಶಹಾಪುರದಲ್ಲಿ ಬಸ್ಸು ಹತ್ತಿದವರಿಗೆಲ್ಲ ತೋರಿಸಿದ. ಸುರಪುರ ಮುಟ್ಟುವಷ್ಟರಲ್ಲಿ ನಮ್ಮ ಅತ್ತೆಯ ಮಿದುಳು ಅರ್ಧ ಜಿಲ್ಲೆಗೆ ಬಾಯಿಪಾಠವಾಗಿತ್ತು.

ಮನೆಗೆ ಬಂದವನು ಅಂಗಿ ಬಿಚ್ಚಿ ಅತ್ತೆಯ ಪಕ್ಕದಲ್ಲಿ ಕುಸಿದು ಕುಳಿತ. ಇಷ್ಟು ದಿನ ಗಿಡ ಹೊರುವ ಗದ್ದಲದಲ್ಲಿ ನಾನು ಅವನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮೈಯೆಲ್ಲ ಸೊರಗಿ ತೋಳು ಒಣ ಕಟ್ಟಿಗೆಯಾಗಿತ್ತು.

ಅತ್ತೆಯೂ ಅವನ ತೋಳನ್ನೇ ನೋಡುತ್ತಿದ್ದಳು. ಆಮೇಲೆ ಬಿದ್ದುಹೋಗಿದ್ದ ಆ ಬಲಗೈ ನಡುಗುತ್ತ, ನಡುಗುತ್ತ ಮೇಲೆದ್ದಿತು. ಹೆಬ್ಬೆರಳಿನ ಉಗುರಿನಿಂದ ಅವನ ತೋಳನ್ನು ಮೆಲ್ಲಗೆ ಕೆರೆದಳು. ಬಾಗಿ ನೋಡಿದಳು.

"ಒಳಗ... ಹಸಿ ಐತ್ರಿ" ಎಂದಳು.