ಬೆಂಕಿ ಅಂದರೂ ಏಳದ ಅತ್ತೆ

ಬುದ್ಧಿ ಹೇಳಲು ಹೋದವರಿಗೇ ಬುದ್ಧಿ ಕೆಡುವಂಥ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಎಂದೂ ಬರ ಬಂದಿಲ್ಲ. ಉರಿಗಾಂನ ಹಳೇ ಗಣಿ ಕಾರ್ಮಿಕರ ಸಾಲುಮನೆ ನಮ್ಮದು. ಮೊನ್ನೆ ಪಕ್ಕದ ಮನೆಯಲ್ಲಿ ಗ್ಯಾಸ್ ಪೈಪಿಗೆ ಬೆಂಕಿ ಹತ್ತಿ ಅಡುಗೆಮನೆಯೆಲ್ಲ ಕರ್ರಗಾಯಿತು. ಅಂದಿನಿಂದ ನನಗೆ ಒಂದೇ ಹೆದರಿಕೆ. ಮಂಡಿನೋವಿನ ನಮ್ಮತ್ತೆ ಸದಾ ನಡುಮನೆಯ ಮಂಚದ ಮೇಲೆ. ಅವರನ್ನು ಹೊರಗೆ ತರುವುದು ಹೇಗೆ? ಮನೆಯವರೆಲ್ಲ ಅಭ್ಯಾಸ ಮಾಡೋಣ ಎಂದೆ. ಬೆಂಕಿ ಎಂದು ಕೂಗಿದ ತಕ್ಷಣ ಬರಿಗೈಯಲ್ಲಿ ಎದುರಿನ ಬೇವಿನ ಮರದ ಕೆಳಗೆ ಬರಬೇಕು. ಬಂದವರು ಮತ್ತೆ ಒಳಗೆ ಕಾಲಿಡಬಾರದು. ಇಷ್ಟೇ ನಿಯಮ.

ಲಕ್ಷ್ಮಿಯ ದಾರಿ

ಮೊದಲು ಹಿಂಬಾಗಿಲು ನೋಡಿದೆ. ಅದಕ್ಕೆ ಅಡ್ಡಲಾಗಿ ಬೀರು, ಬೀರುವಿನ ಮುಂದೆ ರಾಗಿ ಮೂಟೆ. ಎಲ್ಲ ನಮ್ಮ ಯಜಮಾನರ ಕೈಚಳಕ.

"ಇದನ್ನು ಸರಿಸಿ" ಎಂದೆ.

"ದೀಪ ಹಚ್ಚೋ ಹೊತ್ತಲ್ಲಿ ಹಿಂಬಾಗ್ಲು ತೆಗೆದಿದ್ರೆ ಲಕ್ಷ್ಮಿ ಹೊರಟೋಗ್ತಾಳೆ ಕಣೇ!"

"ಹೋಗೋದಿರಲಿ, ನಮ್ಮ ಮನೆಗೆ ಅವಳು ಬಂದಿದ್ದು ಯಾವಾಗ?"

ಯಜಮಾನರು ರಾಗಿ ಮೂಟೆಗೆ ಕೈ ಹಾಕಿದರು. ಬೀರು ಸರಿಯಿತು.

ರಾಹುಕಾಲ

ಭಾನುವಾರ ಸಂಜೆ ಎಲ್ಲರನ್ನೂ ಕೂರಿಸಿಕೊಂಡೆ. ಯಜಮಾನರು ಕ್ಯಾಲೆಂಡರ್ ನೋಡಿ, "ರಾಹುಕಾಲ ಕಳೀಲಿ" ಎಂದರು. ಬೆಂಕಿಯೂ ಪಂಚಾಂಗ ನೋಡಿಕೊಂಡೇ ಬರುತ್ತದೆ ಎಂದು ಈ ಮಹಾನುಭಾವರಿಗೆ ಯಾರು ಹೇಳಿದರೋ!

ರಾಹುಕಾಲ ಕಳೆಯಿತು. "ಬೆಂಕಿ! ಬೆಂಕಿ!" ಎಂದು ಗಂಟಲು ಹರಿಯುವಂತೆ ಕೂಗಿ ಮರದ ಕೆಳಗೆ ನಿಂತೆ. ಎಷ್ಟೋ ಹೊತ್ತಿನ ಮೇಲೆ ಯಜಮಾನರು ಇಸ್ತ್ರಿ ಶರ್ಟು ತೊಟ್ಟು, ತಲೆ ಬಾಚಿಕೊಂಡು ಬಂದರು. "ನಾಲ್ಕು ಜನ ನೋಡ್ತಾರಲ್ಲಾ!"

ಅತ್ತೆಯ ಸುಳಿವೇ ಇಲ್ಲ. ನನಗೆ ಅಳುವೇ ಬಂತು. ಓಡಿಹೋಗಿ ನೋಡಿದರೆ ಮಂಚದ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದಾರೆ.

"ಅತ್ತೆ, ಬೆಂಕಿ ಅಂದ್ನಲ್ಲಾ!"

"ಕೇಳಿಸ್ತಮ್ಮಾ. ನೀವೆಲ್ಲಾ ಓಗಿ ಬನ್ನಿ. ನಾನು ಮನೆ ಕಾಯ್ಕಂಡಿರ್ತೀನಿ."

ಟ್ಯಾಂಕರ್

ಅದೇ ವಾರ ಬೀದಿಗೆ ನೀರಿನ ಟ್ಯಾಂಕರ್ ಬಂತು. ಹಾರ್ನ್ ಕೇಳಿದ್ದೇ ತಡ, ಸಾಲುಮನೆಗಳೆಲ್ಲ ಖಾಲಿ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು, ನಮ್ಮತ್ತೆ! ಮಂಡಿನೋವು ಮಂಚದ ಮೇಲೆಯೇ ಉಳಿದಿತ್ತು.

ನನಗೆ ದಾರಿ ಹೊಳೆಯಿತು. ಮುಂದಿನ ಭಾನುವಾರ ಬೆಂಕಿಯ ಹೆಸರೇ ಎತ್ತಲಿಲ್ಲ. ಬೀದಿಯಲ್ಲಿ ನಿಂತು "ನೀರು ಬಂತು!" ಎಂದು ಕೂಗಿದೆ. ಯಜಮಾನರು ಬನಿಯನ್ನಲ್ಲೇ ಹಾರಿ ಬಂದರು. ಅವರನ್ನು ಪಕ್ಕಕ್ಕೆ ತಳ್ಳಿಕೊಂಡು ಅತ್ತೆ ಮರದ ಕೆಳಗೆ ಹಾಜರು. ಬರಿಗೈಯಲ್ಲಲ್ಲ, ಬಿಂದಿಗೆ ಸಮೇತ. ಇರಲಿ, ಜೀವ ಹೊರಗೆ ಬಂತಲ್ಲ! ಇಷ್ಟು ದಿನದ ಹೆದರಿಕೆ ಇಳಿದು, ಸಂತೋಷಕ್ಕೆ ಅವರ ಎರಡೂ ಕೈ ಹಿಡಿಯಲು ಹೋದೆ.

ಅತ್ತೆ ನನ್ನ ಕೈಗೆ ಬಿಂದಿಗೆ ಕೊಟ್ಟು ಮನೆ ಕಡೆ ತಿರುಗಿದರು.

"ಇದನ್ನ ಸಾಲಲ್ಲಿ ಮಡಗಿರಮ್ಮಾ. ಒಳಗೆ ಇನ್ನೂ ಎರಡವೆ, ತತ್ತೀನಿ."